ಹಾಲಿಗೂ ಅಳದ ಮಗು

ಮಗಳ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲಿ ನಡೆದದ್ದು ಆಷಾಢದ ಮಳೆಯಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ನಮ್ಮ ತೋಟ, ಮನೆ. ಆ ತಿಂಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಬಚ್ಚಲ ಒಲೆಯ ಹತ್ತಿರ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಗಿಸುತ್ತಿದ್ದೆ.

ಹೆಣ್ಣು ಮಗು. ಹುಟ್ಟಿದಾಗ 3 ಕೆಜಿ 100 ಗ್ರಾಂ ಇತ್ತು. ನೋಡಲು ಬಂದವರೆಲ್ಲ ಹೇಳುತ್ತಿದ್ದ ಮಾತು ಒಂದೇ. "ಎಷ್ಟು ಪಾಪದ ಮಗು! ಅಳೋದೇ ಇಲ್ಲ." ನಾನೂ ಹೆಮ್ಮೆಯಿಂದಲೇ ಹೇಳುತ್ತಿದ್ದೆ. "ಹೌದು ಮಾರಾಯ್ತಿ, ರಾತ್ರಿ ಒಂದು ಸಲಾನೂ ಎಬ್ಬಿಸಲ್ಲ."

ಮೈ ಹಳದಿ ಇತ್ತು. ಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದುಕೊಂಡೆ. ಬಿಸಿಲೇ ಇರಲಿಲ್ಲ, ಹಾಗಾಗಿ ಹಳದಿ ಹೋಗದಿದ್ದುದೂ ಸಹಜ ಅನಿಸಿತು.

21ನೇ ದಿನ ಆಶಾ ಕಾರ್ಯಕರ್ತೆ ಬಂದಳು. ಹೆರಿಗೆಯಾದ ಮನೆಗೆ ಅವರು 3, 7, 14, 21, 28, 42ನೇ ದಿನ ಬಂದು ನೋಡಬೇಕು ಅಂತ ನಿಯಮ ಇದೆ. ಆ ಮಳೆಯಲ್ಲಿ, ಕಾಲುಸಂಕ ದಾಟಿ, ತಕ್ಕಡಿ ಹೊತ್ತು ಬಂದಿದ್ದಳು. ತೂಕ 3 ಕೆಜಿ 200 ಗ್ರಾಂ. ಮಗುವಿನ ಕಣ್ಣು ಬಿಡಿಸಿ ನೋಡಿದಳು. "ಟೀಚರಮ್ಮ, ಎರಡು ವಾರ ಕಳೆದ ಮೇಲೂ ಕಾಮಾಲೆ ಇರಬಾರದು. ಬಿಸಿಲಿಗೆ ಕಾಯ್ಬೇಡಿ. ನಾಳೆನೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಅಂದಳು. ಅವಳು ನನ್ನ ಶಾಲೆಯಲ್ಲೇ ಓದಿದ ಹುಡುಗಿ. ಅವಳ ಮಾತು ಕೇಳಿದೆನಲ್ಲ ಎಂದು ಇವತ್ತಿಗೂ ದೇವರಿಗೆ ಕೈಮುಗಿಯುತ್ತೇನೆ.

ಮರುದಿನ ಬೆಳಿಗ್ಗೆ ಹೊರಟೆವು. ಮಂಡಗದ್ದೆ ಹತ್ತಿರ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಸಕ್ರೆಬೈಲು ದಾಟಿದೆವು, ಗಾಜನೂರು ದಾಟಿದೆವು. ಕಾರು ಎಷ್ಟು ಕುಲುಕಿದರೂ ಮಗು ಕಣ್ಣು ಬಿಡಲಿಲ್ಲ. ಆಗ ಮೊದಲ ಬಾರಿಗೆ ನನಗೆ ಭಯವಾಯಿತು.

ಮಕ್ಕಳ ಡಾಕ್ಟರು ಅವಸರ ಮಾಡಲಿಲ್ಲ. ಒಂದೊಂದಾಗಿ ಕೇಳಿದರು. "ಕಕ್ಕ ದಿನಾ ಮಾಡುತ್ತಾ?" ಮೂರು ದಿನಕ್ಕೊಮ್ಮೆ. ನಾನು ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಡುತ್ತಿದ್ದೆ. "ಹೊಕ್ಕುಳು ಯಾವಾಗಿಂದ ಉಬ್ಬಿದೆ?" ಅದಕ್ಕೆ ನಾಣ್ಯ ಇಟ್ಟು ಬಟ್ಟೆ ಕಟ್ಟಿದ್ದೆ. "ಕೈಕಾಲು ತಣ್ಣಗಿರುತ್ತಾ?" ಮಳೆಗಾಲದ ಚಳಿ ಎಂದು ಎರಡೆರಡು ಕಾಲುಚೀಲ ಹಾಕಿದ್ದೆ. "ಹಾಲಿಗೆ ತಾನಾಗಿ ಏಳುತ್ತಾ?" ಇಲ್ಲ, ಪಾದ ತಿಕ್ಕಿ ಎಬ್ಬಿಸಬೇಕಿತ್ತು. "ಅಳುವ ದನಿ?" ಗಂಟಲು ಕಟ್ಟಿದವರ ಹಾಗೆ ಒರಟು. ನಾಲಿಗೆ ಸ್ವಲ್ಪ ಹೊರಗೇ ಇರುತ್ತಿತ್ತು. ಅದನ್ನು ಮುದ್ದು ಎಂದುಕೊಂಡು ಫೋಟೊ ತೆಗೆದಿದ್ದೆವು. ನನ್ನವು ಎರಡು, ತಂಗಿಯದು ಒಂದು ಬಾಣಂತನ ಕಂಡ ಮನೆ ನಮ್ಮದು. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಮದ್ದು ಇತ್ತು. ಎಲ್ಲವನ್ನೂ ಸೇರಿಸಿ ನೋಡಲು ಮಾತ್ರ ಬರಲಿಲ್ಲ.

ರಕ್ತ ತೆಗೆದರು. ಸಂಜೆ ವರದಿ ಬಂತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಈ ವಯಸ್ಸಿಗೆ 10ರ ಒಳಗೆ ಇರಬೇಕಂತೆ. ನಮ್ಮ ಮಗುವಿನದು 100 ದಾಟಿತ್ತು. ಸ್ಕ್ಯಾನ್ ಮಾಡಿದಾಗ ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿ ಕಾಣಲೇ ಇಲ್ಲ. ತಾಯಿಯ ರಕ್ತದಿಂದ ಸ್ವಲ್ಪ ಥೈರಾಯ್ಡ್ ಹಾರ್ಮೋನು ಹೊಟ್ಟೆಯೊಳಗಿನ ಮಗುವಿಗೂ ಹೋಗುತ್ತದೆ. ಅದಕ್ಕೇ ಹುಟ್ಟಿದಾಗ ಹೆಚ್ಚಿನ ಮಕ್ಕಳಲ್ಲಿ ಏನೂ ಗೊತ್ತಾಗುವುದಿಲ್ಲ ಎಂದರು. ಮಿದುಳು ಬೆಳೆಯುವ ಮೊದಲ ಎರಡು ಮೂರು ವರ್ಷಕ್ಕೆ ಈ ಹಾರ್ಮೋನು ಬೇಕೇ ಬೇಕು. ತಡವಾದಷ್ಟೂ ಬುದ್ಧಿಯ ಬೆಳವಣಿಗೆಗೆ ಪೆಟ್ಟು. ಎರಡು ವಾರದ ಒಳಗೆ ಔಷಧ ಶುರುವಾದರೆ ಒಳ್ಳೆಯದು, ನೀವು ಸ್ವಲ್ಪ ತಡ ಮಾಡಿದ್ದೀರಿ, ಆದರೆ ಇನ್ನೂ ಕಾಲ ಮೀರಿಲ್ಲ ಎಂದರು.

ಹುಟ್ಟಿ ಎರಡು ಮೂರು ದಿನಕ್ಕೆ ಹಿಮ್ಮಡಿಗೆ ಸೂಜಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದಿದ್ದರೆ ಇದು ಆಗಲೇ ಗೊತ್ತಾಗುತ್ತಿತ್ತಂತೆ. ಹೆರಿಗೆಯಾದ ಕಡೆ ಆ ಪರೀಕ್ಷೆ ಮಾಡಿರಲಿಲ್ಲ. ಅಂಥದ್ದೊಂದು ಇದೆ ಎಂದು ನಮಗೂ ಗೊತ್ತಿರಲಿಲ್ಲ. ಈಗ ನಮ್ಮ ಕಡೆ ಯಾರ ಮನೆಯಲ್ಲಿ ಹೆರಿಗೆಯಾದರೂ ನಾನು ಮೊದಲು ಕೇಳುವುದು ಇದನ್ನೇ. ಕೇಳಿ ಕೇಳಿ ಕೆಲವರಿಗೆ ಬೇಜಾರಾಗಿರಬಹುದು. ಆಗಲಿ.

ಮಗಳು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು. "ಡಾಕ್ಟ್ರೇ, ಗ್ರಹಣದ ದಿನ ನಾನು ಹೊರಗೆ ಬಂದಿದ್ದೆ. ಅದಕ್ಕೇ ಹೀಗಾಯ್ತಾ?" ಯಾರೋ ಅವಳ ತಲೆಗೆ ಅದನ್ನು ಹಾಕಿದ್ದರು. ಡಾಕ್ಟರು ಪೆನ್ನು ಕೆಳಗಿಟ್ಟರು. "ಇಲ್ಲಮ್ಮ. ಗ್ರಂಥಿ ಮೂಡಲಿಲ್ಲ, ಅಷ್ಟೇ. ನೀವು ತಿಂದಿದ್ದಕ್ಕೂ ಅಲ್ಲ, ಬಿಟ್ಟಿದ್ದಕ್ಕೂ ಅಲ್ಲ." ಅವಳು ನನ್ನ ಭುಜಕ್ಕೆ ಒರಗಿ ಅತ್ತಳು. ನಾನು ಅಳಲಿಲ್ಲ. ಮಾತ್ರೆ ಹೇಗೆ ಕೊಡಬೇಕು ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಅದೇ ಹಾರ್ಮೋನಿನ ಮಾತ್ರೆ ಲಿವೊಥೈರಾಕ್ಸಿನ್, 25 ಮೈಕ್ರೊಗ್ರಾಮಿನದು ದಿನಕ್ಕೆ ಒಂದೂವರೆ. ತೂಕ ನೋಡಿ ಡಾಕ್ಟರೇ ಲೆಕ್ಕ ಹಾಕಿದ ಪ್ರಮಾಣ ಅದು. ಎರಡು ಚಮಚದ ನಡುವೆ ಪುಡಿ ಮಾಡಬೇಕು. ಒಂದೆರಡು ಚಮಚ ಎದೆಹಾಲಿನಲ್ಲಿ ಕಲಸಿ ಆಗಲೇ ಕುಡಿಸಬೇಕು. ಕಲಸಿ ಇಡಬಾರದು. ಜಾಸ್ತಿ ಹಾಲಿಗೆ ಹಾಕಿದರೆ ಮಗು ಅರ್ಧ ಬಿಟ್ಟೀತು, ಔಷಧವೂ ಅರ್ಧವೇ ಹೋದೀತು. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಹನಿ ಕೊಡುವುದಿದ್ದರೆ ಕೆಲವು ಗಂಟೆ ಬಿಟ್ಟು ಕೊಡಬೇಕು. ನಮ್ಮ ಮಳೆಗಾಲದ ತೇವ ತಾಗದ ಹಾಗೆ ಮಾತ್ರೆ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು. ಎರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ, ಆಮೇಲೂ ಆಗಾಗ. ಗ್ರಂಥಿಯೇ ಇಲ್ಲದ್ದರಿಂದ ನಮ್ಮ ಕೂಸಿಗೆ ಮಾತ್ರೆ ಜೀವನಪೂರ್ತಿ.

ಮಗಳು ಇದೇ ಮನೆಯಲ್ಲಿ ಹಾಲು ಕುಡಿದ ಹಿತ್ತಾಳೆ ಒಳಲೆ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಆಮೇಲೆ ಏನೋ ಅನುಮಾನ ಬಂದು ಸ್ಟೀಲಿನದೇ ಕೊಂಡು ತಂದೆ. ಬೆಳಿಗ್ಗೆ ಆರಕ್ಕೆ ಮಾತ್ರೆ. ಮಗಳು ಹಿಡಿದುಕೊಳ್ಳುತ್ತಿದ್ದಳು, ನಾನು ಕುಡಿಸುತ್ತಿದ್ದೆ. ತಳದಲ್ಲಿ ಪುಡಿ ಉಳಿದಿದ್ದರೆ ಮತ್ತೆರಡು ಹನಿ ಹಾಲು ಹಾಕಿ ಅದನ್ನೂ ಕುಡಿಸುತ್ತಿದ್ದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ರಾತ್ರಿ ಎರಡು ಗಂಟೆ. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಆ ಸದ್ದನ್ನೂ ಮೀರಿ ಕಿರುಚಿದ ಹಾಗೆ ಕೇಳಿ ಬಾಣಂತಿ ಕೋಣೆಗೆ ಓಡಿದೆ. ಮಗು ಕೈಕಾಲು ಬಡಿಯುತ್ತಾ, ಮುಖ ಕೆಂಪು ಮಾಡಿಕೊಂಡು ಅಳುತ್ತಿತ್ತು. ಮಗಳು ದೀಪ ಹಾಕಿಕೊಂಡು ಅದನ್ನೇ ನೋಡುತ್ತಾ ಕೂತಿದ್ದಳು.

"ಏನಾಯ್ತೇ?" ಅಂದೆ.

"ಏನಿಲ್ಲಮ್ಮ" ಅಂದಳು. "ಅವಳಿಗೆ ಹಸಿವಾಗಿದೆ."