ಬೆಕ್ಕಿಗೆ ಏನು ಹಚ್ಚಿದ್ರಿ ಅಂತ ಕೇಳುವವರಿಗೆ

ಏನೂ ಹಚ್ಚಲಿಲ್ಲ. ಅವಸರದಲ್ಲಿರುವವರು ಇಷ್ಟು ಓದಿ ಹೊರಡಬಹುದು.

ಉಳಿದವರಿಗೆ ವಿಷಯ ಹೇಳುತ್ತೇನೆ. ನಮ್ಮ ಮನೆಯ ಮೂರು ಬೆಕ್ಕುಗಳಲ್ಲಿ ಚಿನ್ನಿ ನಡುವಿನವಳು. ಹೋದ ವರ್ಷ ಮಳೆಗಾಲದಲ್ಲಿ ಅವಳ ಹೊಟ್ಟೆ, ಹಿಂದೊಡೆ, ಬಾಲದ ಬುಡ ಎಲ್ಲ ಬೋಳಾಗಿತ್ತು. ಈಗ ಮೈತುಂಬ ಕೂದಲಿದೆ. ನಾನು ಸುಮ್ನೆ ಇರದೆ ಆಗಿನದು ಒಂದು, ಈಗಿನದು ಒಂದು ಫೋಟೊ ಜೋಡಿಸಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಅವತ್ತಿನಿಂದ ನನಗೆ ನೆಮ್ಮದಿ ಇಲ್ಲ. ಹಾಲಿನ ಬೂತಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಒಂದು ಸಲ ದೇವಸ್ಥಾನದಲ್ಲಿ ಮಂಗಳಾರತಿ ತಗೊಳ್ಳುತ್ತಿರುವಾಗ, ಎಲ್ಲರದೂ ಒಂದೇ ಪ್ರಶ್ನೆ. 'ಏನು ಹಚ್ಚಿದ್ರಿ?'

ಏನಾಗಿತ್ತು ಅಂತ ಕೇಳುವುದಿಲ್ಲ. ಯಾಕಾಗಿತ್ತು ಅಂತಂತೂ ಕೇಳುವುದೇ ಇಲ್ಲ. ಹಚ್ಚಿದ್ದು ಏನು, ಅದು ಎಲ್ಲಿ ಸಿಗುತ್ತದೆ, ಎಷ್ಟು ರೂಪಾಯಿ. ಹಚ್ಚಲಿಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. ನಾನು ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಅನ್ನುವ ಹಾಗೆ ನೋಡುತ್ತಾರೆ.

ತಾಳ್ಮೆ ಪೂರ್ತಿ ಹೋಗಿದ್ದು ಅರಸೀಕೆರೆಯ ಒಂದು ಮದುವೆ ಮನೆಯಲ್ಲಿ. ನಮ್ಮೆಜಮಾನರ ಕಡೆಯ ದೊಡ್ಡಪ್ಪ ಒಬ್ಬರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಎಲೆಗೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ತುಪ್ಪದವನು ಇನ್ನೂ ಎರಡು ಎಲೆ ಆಚೆ ಇದ್ದ. ದೊಡ್ಡಪ್ಪ ಎಡಗೈಯಲ್ಲಿ ಫೋನು ತೆಗೆದು ನನ್ನ ಕೋಸಂಬರಿಯ ಮೇಲೆ ಹಿಡಿದರು. 'ನೋಡಮ್ಮ, ನಿಮ್ಮದಕ್ಕೆ ಆಗಿತ್ತಲ್ಲ, ಅದೇ ಥರ ನಮ್ಮ ಬೆಕ್ಕಿಗೂ ಆಗಿದೆ. ಸ್ವಲ್ಪ ದೊಡ್ಡದು ಮಾಡಿ ನೋಡು.' ನೋಡಿದೆ. ಕಿವಿಯ ಅಂಚು, ಹಣೆ, ಕಣ್ಣಿನ ಸುತ್ತ ಬೂದುಬಣ್ಣದ ದಪ್ಪ ಹೊಪ್ಪಳೆ. ಕೆಲವು ಕಡೆ ಕೆರೆದು ರಕ್ತ. ಅದು ಚಿನ್ನಿಗೆ ಆಗಿದ್ದಲ್ಲವೇ ಅಲ್ಲ. ನೋಡಿದರೆ ತಲೆಯಿಂದ ಶುರುವಾಗುವ ಕಜ್ಜಿಯ ಹಾಗಿತ್ತು, ಕಣ್ಣಿಗೆ ಕಾಣದ ನುಸಿಯಿಂದ ಬರುವಂಥದ್ದು, ಒಂದರಿಂದ ಒಂದಕ್ಕೆ ಬೇಗ ಹರಡುವಂಥದ್ದು. ಹಾಗಂತ ಹೇಳಿ, ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಅಂದೆ.

'ಅದಿರಲಿ, ನೀನು ಏನು ಹಚ್ಚಿದೆ?'

ಅಷ್ಟರಲ್ಲಿ ಇಡೀ ಪಂಕ್ತಿ ವೈದ್ಯರಾಗಿತ್ತು. ಎದುರಿನವರು ಬೇವಿನೆಣ್ಣೆ ಅಂದರು. ಅವರ ಪಕ್ಕದವರು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಅಂದರು. ಡೆಟಾಲ್ ನೀರಲ್ಲಿ ಅದ್ದಿ ತೆಗೆಯಿರಿ ಅಂತ ಒಬ್ಬರು. ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಬಳಿದರೆ ಒಂದೇ ವಾರ ಅಂತ ಇನ್ನೊಬ್ಬರು. ದನಕ್ಕೆ ಹಾಕುವ ಉಣ್ಣೆ ಔಷಧಿ ಅಂತ ಕೊನೆಯ ಎಲೆಯಿಂದ ಬಂತು. ನಾನು ಹೋಳಿಗೆಯನ್ನು ತುಪ್ಪ ಇಲ್ಲದೆಯೇ ತಿಂದು ಎದ್ದೆ.

ಅವತ್ತು ಹೇಳದೆ ಬಂದದ್ದನ್ನು ಈಗ ಹೇಳುತ್ತೇನೆ. ಬೆಕ್ಕಿನ ಮೈಗೆ ಹಚ್ಚುವುದು ಅಂದರೆ ಬೆಕ್ಕಿಗೆ ತಿನ್ನಿಸುವುದು. ಎಚ್ಚರ ಇರುವ ಹೊತ್ತಿನಲ್ಲಿ ಅದು ಮಾಡುವ ದೊಡ್ಡ ಕೆಲಸವೇ ಮೈ ನೆಕ್ಕಿಕೊಳ್ಳುವುದು. ಮೈ ಮೇಲೆ ಏನಾದರೂ ಅಂಟಿಕೊಂಡರೆ ಎರಡು ಪಟ್ಟು ಜಾಸ್ತಿ ನೆಕ್ಕುತ್ತದೆ. ಹೊಟ್ಟೆಗೆ ಹೋದದ್ದನ್ನು ಕೆಡಿಸಿ ಹೊರಹಾಕುವುದರಲ್ಲಿ ಬೆಕ್ಕಿನ ಲಿವರ್ ನಮ್ಮ ಲಿವರ್‌ನಂತೆ ಅಲ್ಲ, ನಾಯಿಯದರಂತೆಯೂ ಅಲ್ಲ. ನಮಗೆ ಲೆಕ್ಕಕ್ಕೇ ಇಲ್ಲದ ಕೆಲವು ವಸ್ತುಗಳು ಅದಕ್ಕೆ ವಿಷ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಡೆಟಾಲ್, ಫಿನಾಯಿಲ್, ಕರ್ಪೂರ, ಟೀ ಟ್ರೀ ಎಣ್ಣೆ ಯಾವುದೂ ಬೆಕ್ಕಿನ ಮೈಗಲ್ಲ. ದನದ ಉಣ್ಣೆ ಔಷಧಿಯಲ್ಲಿ ಹೆಚ್ಚಾಗಿ ಇರುವುದು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕ. ನಾಯಿಗಳ ಕುತ್ತಿಗೆಗೆ ಹಾಕುವ ಕೆಲವು ಹನಿಗಳಲ್ಲಿ ಅದರ ಅಣ್ಣ ಪರ್ಮೆಥ್ರಿನ್ ಇರುತ್ತದೆ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ನಾಯಿಗೆ ತಂದ ಹನಿಯಲ್ಲಿ ಮಿಕ್ಕಿದ್ದನ್ನು, ಹಾಳಾಗುತ್ತಲ್ಲ ಅಂತ, ಬೆಕ್ಕಿಗೆ ಹಾಕಿದರು. ಸಂಜೆಯೊಳಗೆ ಅದರ ಕಿವಿ ಅದುರಲು ಶುರುವಾಯಿತು, ರಾತ್ರಿ ಫಿಟ್ಸ್ ಬಂತು. ಬದುಕಿತು, ಅದರ ಪುಣ್ಯ.

ಸರಿ, ಚಿನ್ನಿಗೆ ಏನಾಗಿತ್ತು?

ಅವಳ ಕೂದಲು ಉದುರುತ್ತಿರಲಿಲ್ಲ. ಅವಳೇ ಕೀಳುತ್ತಿದ್ದಳು. ಈ ಎರಡಕ್ಕೂ ಇರುವ ವ್ಯತ್ಯಾಸ ತಿಳಿಯದೆ ಮುಂದೆ ಹೋಗುವ ಹಾಗಿಲ್ಲ. ಬೆಕ್ಕು ಮರೆಯಲ್ಲಿ ಕೂತು ನೆಕ್ಕುತ್ತದೆ, ಮಂಚದ ಕೆಳಗೆ, ರಾತ್ರಿ ಹೊತ್ತು. ಅದಕ್ಕೇ 'ನಮ್ಮದು ಕೆರೆದುಕೊಳ್ಳೋದೇ ಇಲ್ಲ' ಅಂತ ಎಲ್ಲರೂ ಹೇಳುವುದು. ಬೋಳಾದ ಜಾಗದ ಅಂಚಿನಲ್ಲಿ ಬೆರಳನ್ನು ಹಿಂದುಮುಂದಾಗಿ ಆಡಿಸಿ ನೋಡಿ. ತುಂಡಾದ ಕೂದಲು ಗಡ್ಡ ಬೋಳಿಸಿದ ಮಾರನೇ ದಿನದಂತೆ ಚುಚ್ಚಿದರೆ ಅದು ನಾಲಿಗೆಯ ಕೆಲಸ. ಡಾಕ್ಟರು ನಾಲ್ಕು ಕೂದಲು ಕಿತ್ತು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ತುದಿ ಮುರಿದಿರುವುದು ಸರಿಯಾಗಿ ಕಾಣುತ್ತದೆ. ಅಂದಹಾಗೆ, ಕಣ್ಣಿಗೂ ಕಿವಿಗೂ ನಡುವೆ ಕೂದಲು ತೆಳ್ಳಗಿರುವುದು ಎಲ್ಲ ಬೆಕ್ಕುಗಳಲ್ಲೂ ಇರುವುದೇ. ಅದರ ಫೋಟೊ ಕಳಿಸುವವರೂ ಇದ್ದಾರೆ, ರಾತ್ರಿ ಹನ್ನೊಂದು ಗಂಟೆಗೆ.

ಚಿನ್ನಿಯ ಬೆನ್ನಿನ ಮೇಲೆ ಕೈಯಾಡಿಸಿದರೆ ಕೂದಲ ಕೆಳಗೆ ರಾಗಿಕಾಳು ಉದುರಿಸಿದ ಹಾಗೆ ಸಣ್ಣ ಸಣ್ಣ ಹೊಪ್ಪಳೆ ಸಿಗುತ್ತಿತ್ತು. ಕಣ್ಣಿಗೆ ಏನೂ ಕಾಣದು. ಡಾಕ್ಟರಮ್ಮ ಹೇನಿನ ಬಾಚಣಿಗೆಯಂಥ ಒಂದನ್ನು ತೆಗೆದುಕೊಂಡು ಬಾಲದ ಬುಡದಲ್ಲಿ ಬಾಚಿದರು. ಕರಿಮೆಣಸಿನ ಪುಡಿಯಂಥದ್ದು ನಾಲ್ಕು ಚೂರು ಬಂತು. ಧೂಳು ಅಂದುಕೊಂಡೆ. ಅದನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಇಟ್ಟು, ನೋಡ್ತಾ ಇರಿ ಅಂದರು. ಸ್ವಲ್ಪ ಹೊತ್ತಿಗೆ ಪ್ರತಿ ಚೂರಿನ ಸುತ್ತ ಕಂದುಗೆಂಪು ಬಣ್ಣ ಬಿಟ್ಟುಕೊಂಡಿತು. ಚಿಗಟದ ಹಿಕ್ಕೆ. ಚಿನ್ನಿಯ ರಕ್ತವೇ ಅದು, ಚಿಗಟದ ಹೊಟ್ಟೆಯಿಂದ ಹೊರಬಂದಿದ್ದು.

ಚಿಗಟ ಒಂದೂ ಕಾಣಲಿಲ್ಲವಲ್ಲ ಅಂದೆ. ನೆಕ್ಕಿ ನೆಕ್ಕಿ ನುಂಗಿರುತ್ತಾಳೆ ಅಂದರು. ಚಿಗಟದ ಎಂಜಲಿಗೆ ಅಲರ್ಜಿ ಇರುವ ಬೆಕ್ಕಿಗೆ ನೂರು ಕಡಿತ ಬೇಕಾಗಿಲ್ಲ, ಕೆಲವೇ ಸಾಕಂತೆ. ಹಾಗಾಗಿ ಉಳಿದ ಎರಡು ಬೆಕ್ಕು ಆರಾಮಾಗಿ ಇದ್ದವು, ಇವಳೊಬ್ಬಳು ಬೋಳಾದಳು. 'ಉಳಿದವಕ್ಕೆ ಏನೂ ಆಗಿಲ್ಲ, ಚಿಗಟ ಹೇಗೆ ಇರತ್ತೆ?' ಅಂತ ಕೇಳುವವರು ಇದನ್ನು ಎರಡು ಸಲ ಓದಿ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ. ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 'ಮನೆಗೆ ಏನು ಮಾಡಿದ್ರಿ?'

ಕೇಳಿದಿರಾ, ಕೂತುಕೊಳ್ಳಿ. ಚಿಗಟದ ಸಂಸಾರದಲ್ಲಿ ಬೆಕ್ಕಿನ ಮೈ ಮೇಲೆ ಇರುವುದು ದೊಡ್ಡವು ಮಾತ್ರ. ಅವು ಹಾಕಿದ ಮೊಟ್ಟೆ ಅಲ್ಲಿ ನಿಲ್ಲುವುದಿಲ್ಲ, ಬೆಕ್ಕು ಮಲಗಿದಲ್ಲೆಲ್ಲ ಉದುರುತ್ತದೆ. ಮರಿಹುಳು ಚಾಪೆಯ ಸಂದಿನಲ್ಲಿ, ಸೋಫಾದ ಅಡಿಯಲ್ಲಿ ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟಿಕೊಂಡು ಒಳಗೇ ತಿಂಗಳುಗಟ್ಟಲೆ ಕಾಯಬಲ್ಲದು. ಹತ್ತಿರ ಯಾರೋ ಓಡಾಡಿದ ಅದುರು, ಮೈಯ ಬಿಸಿ ತಾಗಿದರೆ ಹೊರಗೆ ಬರುತ್ತದೆ. ನಾವಿರುವುದು ಶಿವಮೊಗ್ಗದಲ್ಲಿ. ಮಳೆಗಾಲದ ತೇವ ಅವಕ್ಕೆ ಹಬ್ಬ. ಬೆಕ್ಕಿಗೆ ಏನು ಹಚ್ಚಿದರೇನು, ಮಲಗುವ ಹಾಸಿಗೆ ಹಾಗೇ ಇದ್ದರೆ?

ನಾವು ಮಾಡಿದ್ದು ಇಷ್ಟು. ಡಾಕ್ಟರು ತೂಕ ನೋಡಿ ಬರೆದುಕೊಟ್ಟ, ಬೆಕ್ಕಿಗೆಂದೇ ಇರುವ ಹನಿಯನ್ನು ಮೂರೂ ಬೆಕ್ಕುಗಳಿಗೆ ತಿಂಗಳಿಗೊಮ್ಮೆ ಹಾಕಿದೆವು. ಗಾಯದ ಮೇಲಲ್ಲ, ನಾಲಿಗೆ ಎಟುಕದ ಕುತ್ತಿಗೆಯ ಹಿಂದೆ, ಕೂದಲು ಬಿಡಿಸಿ ಚರ್ಮಕ್ಕೆ. ಇದನ್ನು ಹಚ್ಚಿದ್ದು ಅಂತ ವಾದ ಮಾಡುವವರು ಮಾಡಿಕೊಳ್ಳಿ. ಹೊದಿಕೆ, ಹಳೇ ಸೀರೆ, ಕುರ್ಚಿಯ ಕವರು ಎಲ್ಲ ಪ್ರತಿ ವಾರ ಬಿಸಿನೀರಿನಲ್ಲಿ. ಮಂಚ ಸರಿಸಿ ಗುಡಿಸಿದ್ದು, ಗುಡಿಸಿದ್ದನ್ನು ಮನೆಯಿಂದ ಆಚೆ ಹಾಕಿದ್ದು. ಬಿಸಿಲು ಬಂದ ದಿನ ಹಾಸಿಗೆ ತಾರಸಿಗೆ. ಮೊದಮೊದಲು ಏನೂ ಕಡಿಮೆಯಾದ ಹಾಗೆ ಅನ್ನಿಸಲಿಲ್ಲ, ಗೂಡಿನಲ್ಲಿದ್ದವು ಹೊರಬರುತ್ತಲೇ ಇದ್ದವು. ನಡುವೆ ನಿಲ್ಲಿಸದೆ ಹಾಕುತ್ತಾ ಹೋದರೆ ಮಾತ್ರ ಸರಪಳಿ ಕಡಿಯುತ್ತದೆ. ಬೆನ್ನು ನನ್ನದು ಹೋಯಿತು, ಕೂದಲು ಚಿನ್ನಿಯದು ಬಂತು.

ಬೆಂಗಳೂರಿನ ನಮ್ಮ ಅತ್ತಿಗೆ ಇದನ್ನೆಲ್ಲ ಒಪ್ಪುವುದಿಲ್ಲ. ಅವರ ಪ್ರಕಾರ ಚಿನ್ನಿಗೆ ಟೆನ್ಶನ್ ಇತ್ತು, ಮೂರನೇ ಬೆಕ್ಕು ಮನೆಗೆ ಬಂದಿದ್ದಕ್ಕೆ. ಮನಸ್ಸಿನ ಕಾರಣಕ್ಕೂ ಬೆಕ್ಕು ಅತಿಯಾಗಿ ನೆಕ್ಕುವುದುಂಟು, ಸುಳ್ಳಲ್ಲ. ಆದರೆ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನಸ್ಸಿನದೇ ಕಾಯಿಲೆ ಅಂತ ಕಳಿಸಿದ್ದ 21 ಬೆಕ್ಕುಗಳನ್ನು ಸರಿಯಾಗಿ ಪರೀಕ್ಷೆ ಮಾಡಿದರೆ 16ಕ್ಕೆ ಮೈಯಲ್ಲೇ ಕಾರಣ ಸಿಕ್ಕಿತು. ಬರೀ ಮನಸ್ಸಿನದು ಅಂತ ಉಳಿದದ್ದು 2 ಮಾತ್ರ. ತಿನ್ನುವ ಆಹಾರದ ಅಲರ್ಜಿ ಇರಬಹುದು, ಮೂತ್ರಕೋಶದ ನೋವಿಗೆ ಹೊಟ್ಟೆ ನೆಕ್ಕುತ್ತಿರಬಹುದು. ಬೆಕ್ಕಿನ ಮನಸ್ಸನ್ನು ಆಮೇಲೆ ನೋಡೋಣ.

ಇನ್ನು 'ನಮಗೂ ಅಂಟುತ್ತಾ?' ಅನ್ನುವವರಿಗೆ. ಚಿಗಟದ ಅಲರ್ಜಿ ಅಂಟುವುದಿಲ್ಲ, ಚಿಗಟ ಕಚ್ಚುತ್ತದೆ ಅಷ್ಟೇ. ಅಂಟುವುದು ಹುಳುಕಡ್ಡಿ, ಕೆಲವರು ಗಜಕರ್ಣ ಅನ್ನುವುದು. ಹೆಸರಲ್ಲಿ ಹುಳ ಇದ್ದರೂ ಅದೊಂದು ಬೂಷ್ಟು. ಮರಿಗಳಲ್ಲಿ ಜಾಸ್ತಿ. ಮುಖ, ಕಿವಿ, ಮುಂಗಾಲಿನಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೂದಲು ಹೋಗುತ್ತದೆ, ಕೆಲವಕ್ಕೆ ಏನೂ ಕಾಣದೆಯೂ ಇರುತ್ತದೆ. ಡಾಕ್ಟರು ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿದು ಕೂದಲು ಹಸಿರಾಗಿ ಹೊಳೆಯುತ್ತಾ ಅಂತ ನೋಡುತ್ತಾರೆ. ಹೊಳೆಯದಿದ್ದರೂ ಇಲ್ಲ ಅಂತ ಹೇಳಲಾಗದು. ಹೊಸ ಟೂತ್‌ಬ್ರಷ್‌ನಿಂದ ಮೈಯೆಲ್ಲ ಬಾಚಿ ಅದರಲ್ಲಿ ಸಿಕ್ಕಿದ್ದನ್ನು ಲ್ಯಾಬಿನಲ್ಲಿ ಬೆಳೆಸುತ್ತಾರೆ, ಫಲಿತಾಂಶಕ್ಕೆ ಎರಡು ಮೂರು ವಾರ. ಇದಕ್ಕೂ ಮನೆ ತೊಳೆಯುವುದು ತಪ್ಪಿದ್ದಲ್ಲ, ಉದುರಿದ ಕೂದಲಿನಲ್ಲಿ ಅದು ವರ್ಷದ ಮೇಲೂ ಬದುಕಿರಬಲ್ಲದು. ಮನುಷ್ಯರಿಗೆ ಬಂದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ, ಸ್ಟೀರಾಯ್ಡ್ ಬೆರೆಸಿದ ಟ್ಯೂಬನ್ನು ನೀವೂ ಹಚ್ಚಿಕೊಳ್ಳಬೇಡಿ, ಬೆಕ್ಕಿಗೂ ಹಚ್ಚಬೇಡಿ. ತುರಿಕೆ ನಿಲ್ಲುತ್ತದೆ, ಬೂಷ್ಟು ಒಳಗೇ ಹರಡುತ್ತದೆ.

'ಒಂದು ಬೆಕ್ಕಿಗೆ ಇಷ್ಟೆಲ್ಲಾನಾ?' ಅಂತಲೂ ಕೇಳುತ್ತಾರೆ. ಹೌದು, ಇಷ್ಟೆಲ್ಲ. ನಿಮ್ಮ ದುಡ್ಡು ಕೇಳಿದೆನಾ?

ನಾನು ಡಾಕ್ಟರಲ್ಲ. ಫೋಟೊ ನೋಡಿ ಕಾಯಿಲೆ ಹೇಳಲು ಡಾಕ್ಟರಿಗೇ ಆಗುವುದಿಲ್ಲ, ನನಗೆ ಹೇಗೆ ಆಗಬೇಕು? ಊರಿನ ಪಶು ಆಸ್ಪತ್ರೆಯಲ್ಲಿ ದಿನವಿಡೀ ಹಸು ಎಮ್ಮೆ ನೋಡುವವರು ಬೆಕ್ಕಿನ ಚರ್ಮಕ್ಕೆ ಸಮಯ ಕೊಡಲಾಗದೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿ ಕಳಿಸಬಹುದು. ತಿಂಗಳು ಚೆನ್ನಾಗಿರುತ್ತದೆ, ಮತ್ತೆ ಶುರು. ಪದೇ ಪದೇ ಹಾಕಿಸಿದರೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇದೆ. ಹತ್ತಿರದಲ್ಲಿ ಬೆಕ್ಕು ನೋಡುವವರು ಇಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ.

ಹೋಗುವ ಮುಂಚೆ ಬೆಕ್ಕಿಗೆ ಸ್ನಾನ ಮಾಡಿಸಬೇಡಿ. ಹಿಕ್ಕೆ, ಹೊಪ್ಪಳೆ ಎಲ್ಲ ತೊಳೆದು ಹೋದರೆ ಅವರು ನೋಡುವುದಾದರೂ ಏನನ್ನು? ಎಣ್ಣೆ ಮೆತ್ತಿಯೂ ಒಯ್ಯಬೇಡಿ. ಮೊಸರನ್ನದಿಂದ ಒಣಮೀನಿನವರೆಗೆ ಏನೇನು ತಿನ್ನಿಸುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಪಕ್ಕದ ಮನೆಯವರು ಹಾಕುವುದನ್ನೂ ಸೇರಿಸಿ. ಮೊದಲು ತುರಿಕೆ ಶುರುವಾಯಿತಾ, ಮೊದಲು ಕೂದಲು ಹೋಯಿತಾ ಅಂತ ಡಾಕ್ಟರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರವನ್ನು ಮನೆಯಲ್ಲೇ ಯೋಚಿಸಿಕೊಂಡು ಹೋಗಿ.