ತಲೆಬುರುಡೆ ನೋಡಿ ಗಂಡೋ ಹೆಣ್ಣೋ ಹೇಳಬಹುದಾ?

ನಾನು ಮೂಳೆಗಳ ಪಾಠ ಮಾಡುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಹೇಳಬಹುದು. ಆದರೆ ಅದಕ್ಕೂ ಮೊದಲು ಆ ಬುರುಡೆ ಸುಮಾರು ಯಾವ ವಯಸ್ಸಿನವರದು ಅಂತ ಅಂದಾಜು ಮಾಡಬೇಕು. ವಯಸ್ಸು ಬಿಟ್ಟು ಬರೀ ಆಕಾರ ನೋಡಿದರೆ ತಪ್ಪಾಗುವ ಸಾಧ್ಯತೆ ಜಾಸ್ತಿ.

ನಾವು ಮುಖ್ಯವಾಗಿ ನೋಡುವುದು ಐದು ಜಾಗ: ಹುಬ್ಬುಗಳ ನಡುವಿನ ಉಬ್ಬು, ಕಣ್ಣಿನ ಗೂಡಿನ ಮೇಲಂಚು, ಕಿವಿಯ ಹಿಂದಿನ ಗಂಟು, ಹಿಂದಲೆಯಲ್ಲಿ ಕತ್ತಿನ ಸ್ನಾಯು ಅಂಟುವ ಏಣು, ಮತ್ತೆ ಗದ್ದ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತೇವೆ. ನಯವಾಗಿದ್ದರೆ 1, ಒರಟಾಗಿ ಎದ್ದು ಕಂಡರೆ 5. ಕಣ್ಣಿನ ಗೂಡಿನ ಅಂಚಿಗೆ ಮಾತ್ರ ಚೂಪಾಗಿದ್ದರೆ 1, ದಪ್ಪಗೆ ದುಂಡಾಗಿದ್ದರೆ 5. ಗಂಡಸರಲ್ಲಿ ಸಾಮಾನ್ಯವಾಗಿ ಅಂಕ ಹೆಚ್ಚು, ಹೆಂಗಸರಲ್ಲಿ ಕಡಿಮೆ. ನಡುವಿನ 3 ಬಂದಾಗಲೇ ಕಷ್ಟ.

ಮಕ್ಕಳ ಬುರುಡೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ ಅನ್ನಬಹುದು. ಹರೆಯ ಬಂದ ಮೇಲೆ ಶುರುವಾಗುತ್ತದೆ, ಆದರೆ ಹರೆಯಕ್ಕೇ ಮುಗಿಯುವುದಿಲ್ಲ. ಗಂಡಸರ ಹುಬ್ಬಿನ ಉಬ್ಬು ಇಪ್ಪತ್ತು ದಾಟಿದ ಮೇಲೂ ನಿಧಾನವಾಗಿ ದಪ್ಪವಾಗುತ್ತದೆ. ಹಾಗಾಗಿ 22 ವರ್ಷದ ಹುಡುಗನ ಬುರುಡೆ ಹೆಣ್ಣಿನದರಂತೆ ಕಾಣಬಹುದು.

ಹೆಂಗಸರ ವಿಷಯದಲ್ಲಿ ಆಗುವ ತಪ್ಪು ಇದಕ್ಕೆ ಉಲ್ಟಾ. ವಯಸ್ಸಾದಂತೆ ಅವರ ಬುರುಡೆಯೂ ಒರಟಾಗುತ್ತದೆ. ಇದು ಸ್ಪಷ್ಟವಾಗಿ ಕಂಡದ್ದು ಲಂಡನ್ನಿನ ಸೇಂಟ್ ಬ್ರೈಡ್ಸ್ ಚರ್ಚಿನ ಮೂಳೆಗಳಲ್ಲಿ. 1940ರ ಬಾಂಬ್ ದಾಳಿಯಲ್ಲಿ ಆ ಚರ್ಚು ಹಾಳಾಯಿತು. ಆಮೇಲೆ ಅಗೆದಾಗ ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಗಳು ಸಿಕ್ಕವು. ಹಲವು ಪೆಟ್ಟಿಗೆಗಳ ಮೇಲಿನ ಫಲಕದಲ್ಲಿ ಹೆಸರು, ವಯಸ್ಸು ಎರಡೂ ಇದ್ದವು. ಅಂದರೆ ಯಾರ ಬುರುಡೆ ಅಂತ ಮೊದಲೇ ಗೊತ್ತು, ನಮ್ಮ ಅಂದಾಜು ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಬಹುದು. 1995ರಲ್ಲಿ ಫಿಲಿಪ್ ವಾಕರ್ ಎಂಬ ತಜ್ಞರು ಇವನ್ನು ಆಧರಿಸಿ ಬರೆದರು. 30 ದಾಟದ ಗಂಡಸರ ಹುಬ್ಬು ಹೆಣ್ಣಿನ ಕಡೆ ವಾಲಿತ್ತು, 45 ದಾಟಿದ ಹೆಂಗಸರದು ಗಂಡಿನ ಕಡೆ.

ಯಾಕೆ ಹೀಗೆ? ಮೂಳೆ ಸುಮ್ನೆ ಕೂತಿರುವ ಕಲ್ಲಲ್ಲ, ಹಳೆಯದು ಕರಗಿ ಹೊಸದು ಸೇರುತ್ತಲೇ ಇರುತ್ತದೆ. ಸ್ನಾಯು ವರ್ಷಗಟ್ಟಲೆ ಎಳೆದ ಜಾಗ ಒರಟಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಮೂಳೆ ಕರಗುವ, ಕಟ್ಟುವ ಲೆಕ್ಕವೂ ಬದಲಾಗುತ್ತದೆ. ಹಲ್ಲು ಬಿದ್ದರೆ ದವಡೆಯ ಕಥೆಯೇ ಬೇರೆ. ಹಲ್ಲು ಹಿಡಿದಿದ್ದ ಮೂಳೆ ಸವೆದು ದವಡೆ ಗಿಡ್ಡವಾಗುತ್ತದೆ, ಗದ್ದ ಮಾತ್ರ ಮುಂದೆ ಚಾಚಿ ನಿಲ್ಲುತ್ತದೆ. ಹಲ್ಲಿಲ್ಲದ ದವಡೆಯಲ್ಲಿ ಗದ್ದಕ್ಕೆ ಕೊಟ್ಟ ಅಂಕವನ್ನು ನಾನಂತೂ ನಂಬುವುದಿಲ್ಲ.

ಹೆಂಗಸರ ಕಡೆ ಬೆರಳು ತೋರಿಸುವ ಬದಲಾವಣೆಯೂ ಒಂದಿದೆ. ಹಣೆಯ ಮೂಳೆ ಒಳಗಡೆ ಗಡ್ಡೆ ಗಡ್ಡೆಯಾಗಿ ದಪ್ಪವಾಗುವುದು. ಮುಟ್ಟು ನಿಂತ ಹೆಂಗಸರಲ್ಲೇ ಇದು ಹೆಚ್ಚು. ಹೊರಗಿನಿಂದ ಏನೂ ಕಾಣುವುದಿಲ್ಲ, ಎಕ್ಸ್‌ರೇ ಬೇಕು.

‘ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ?’ ಅಂತಲೂ ಕೇಳುತ್ತಾರೆ. ಬೇಕು. ಹಳೆಯ ಸಮಾಧಿಗಳ ಲೆಕ್ಕದಲ್ಲಿ ಗಂಡಸರ ಕಡೆಗೆ ಸುಮಾರು ಶೇಕಡಾ 12ರಷ್ಟು ವಾಲಿಕೆ ಇದೆ ಅಂತ 1972ರಲ್ಲೇ ಮಾನವಶಾಸ್ತ್ರಜ್ಞ ಕೆನೆತ್ ವೈಸ್ ತೋರಿಸಿದ್ದರು. ಅನುಮಾನ ಬಂದದ್ದನ್ನೆಲ್ಲ ಗಂಡು ಅಂತ ಬರೆದುಬಿಡುವ ರೂಢಿ ಅದರ ಹಿಂದಿತ್ತು. ಹಾಗೆ ಬರೆದಾಗ ಆ ಊರಿನ ಮುದುಕಿಯರು ಲೆಕ್ಕದಿಂದಲೇ ಕಾಣೆಯಾಗುತ್ತಾರೆ. ಅಲ್ಲಿ ಹೆಂಗಸರು ಬೇಗ ಸಾಯುತ್ತಿದ್ದರು ಅಂತ ನಾವು ಓದಿಕೊಳ್ಳುತ್ತೇವೆ. ಅವರು ಮುಪ್ಪಿನವರೆಗೂ ಬದುಕಿದ್ದರು, ಅಲ್ವಾ? ನನಗೆ ಇದು ನಿಜಕ್ಕೂ ನೋವಿನ ವಿಷಯ.

ಹಾಗಾಗಿ ಯಾರಾದರೂ ಬುರುಡೆಯ ಫೋಟೋ ತೋರಿಸಿದರೆ ನಾನೇ ತಿರುಗಿ ಕೇಳುತ್ತೇನೆ: ಹಲ್ಲು ಎಷ್ಟಿವೆ, ಎಷ್ಟು ಸವೆದಿವೆ? ಸೊಂಟದ ಮೂಳೆ ಸಿಕ್ಕಿದೆಯಾ? ಸಿಕ್ಕಿದ್ದರೆ ಬುರುಡೆಯನ್ನು ಪಕ್ಕಕ್ಕಿಟ್ಟು ಮೊದಲು ಅದನ್ನೇ ನೋಡುತ್ತೇನೆ, ಗಂಡು ಹೆಣ್ಣಿನ ವ್ಯತ್ಯಾಸ ಅದರಲ್ಲೇ ಹೆಚ್ಚು ಸ್ಪಷ್ಟ.