‘ಕಬ್ಬು, ಭತ್ತ ಬಿಟ್ಟು ರಾಗಿ ಹಾಕೋಕೆ ಏನು ಕಷ್ಟ?’ ಅಂತ ಕೇಳುವವರಿಗೆ

ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ಯಾವಾಗಲೂ ಒಂದೇ. ಹವಾಮಾನ ಕೆಡ್ತಾ ಇದೆ, ನೀರಿಲ್ಲ, ಆದರೂ ನೀವು ಮಂಡ್ಯದವರು ಕಬ್ಬು, ಭತ್ತ ಬಿಡಲ್ಲ. ರಾಗಿ ಹಾಕೋಕೆ ಏನು ಕಷ್ಟ? ಇಷ್ಟಕ್ಕೆ ನಿಲ್ಲಿಸಿದರೆ ನನಗೆ ಬೇಜಾರಿಲ್ಲ. ಕೊನೆಗೆ ಒಂದು ಬಾಲ ಸೇರಿಸುತ್ತಾರೆ. ‘ಹಳ್ಳಿಯವರಿಗೆ ತಿಳುವಳಿಕೆ ಕಮ್ಮಿ ಅಲ್ವಾ?’ ಮೈ ಉರಿಯುವುದು ಈ ಬಾಲಕ್ಕೆ.

ಹೋದ ವರ್ಷ ಮದ್ದೂರಿನಲ್ಲಿ ಒಂದು ಬೀಗರ ಊಟ. ನನ್ನ ಪಕ್ಕದ ಎಲೆಗೆ ಚಿಕ್ಕಮ್ಮನ ಮಗ ಕೂತಿದ್ದ. ಬೆಂಗಳೂರಿನಲ್ಲಿ ಕೆಲಸ. ಒಳ್ಳೆಯ ಹುಡುಗ, ನನ್ನ ಮೇಲೆ ಪ್ರೀತಿಯೂ ಇದೆ. ಮುದ್ದೆ ಮುರಿಯುತ್ತಾ, ‘ಅಣ್ಣ, ಇದನ್ನೇ ಬೆಳೆದ್ರೆ ಆಗಲ್ವಾ? ನೀವು ಬದಲಾಗೋದು ಯಾವಾಗಣ್ಣ?’ ಅಂದ. ಸುತ್ತ ಕೂತವರು ನಕ್ಕರು. ಸಾರು ಬಡಿಸುತ್ತಿದ್ದವನೂ ಸೌಟು ಹಿಡಿದು ನನ್ನ ಮುಖ ನೋಡಿದ. ಎಲೆ ಮುಂದೆ ಜಗಳ ಬೇಡ ಅಂತ ಸುಮ್ಮನಾದೆ. ಆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅವತ್ತು ನುಂಗಿಕೊಂಡ ಮಾತು ಇದು.

ಮೊದಲು ಆ ತಿಳುವಳಿಕೆ ವಿಷಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಸಮೀಕ್ಷೆ ಮಾಡುವ ಸಿ-ವೋಟರ್ ಸಂಸ್ಥೆ ಸೇರಿ 2021-22ರಲ್ಲಿ ನಮ್ಮ ದೇಶದ ಜನರನ್ನು ಕೇಳಿದ್ದರು. ‘ಗ್ಲೋಬಲ್ ವಾರ್ಮಿಂಗ್’ ಬಗ್ಗೆ ಸ್ವಲ್ಪ ಗೊತ್ತು ಅಥವಾ ಹೆಸರೇ ಕೇಳಿಲ್ಲ ಅಂದವರು ನೂರಕ್ಕೆ 54 ಜನ. ಅದು ಏನು ಅಂತ ಎರಡು ಮಾತಲ್ಲಿ ಬಿಡಿಸಿ ಹೇಳಿದ ಮೇಲೆ, ಹೌದು, ಹಾಗೇ ಆಗ್ತಾ ಇದೆ ಅಂದವರು 84 ಜನ. ನಮ್ಮೂರಿನ ಅರಳಿಕಟ್ಟೆಯಲ್ಲಿ ಕೇಳಿದರೂ ಇದೇ ಉತ್ತರ ಸಿಗುತ್ತದೆ. ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಭರಣಿ ಮಳೆ ಕೈಕೊಟ್ಟಿದ್ದು, ಆರಿದ್ರೆ ಒಣಗಿದ್ದು, ಕೊಯ್ಲಿಗೆ ಬಂದ ಭತ್ತದ ಮೇಲೆ ಮಳೆ ಹೊಯ್ದಿದ್ದು ಎಲ್ಲರಿಗೂ ವರ್ಷದ ಲೆಕ್ಕದಲ್ಲಿ ನೆನಪಿದೆ.

ನಮಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಲೆಕ್ಕವನ್ನೇ ನೋಡಿ. ಕಟ್ಟೆ ತುಂಬಿದರೆ 124.80 ಅಡಿ. 2023ರಲ್ಲಿ ತುಂಬಲೇ ಇಲ್ಲ, ಸೆಪ್ಟೆಂಬರ್‌ನಲ್ಲಿ ನೂರು ಅಡಿಗಿಂತ ಕೆಳಗಿಳಿಯಿತು. ಆ ವರ್ಷ ರಾಜ್ಯದ 223 ತಾಲ್ಲೂಕಿಗೆ ಬರ ಅಂತ ಸರ್ಕಾರವೇ ಘೋಷಿಸಿತು. 2024ರ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿತು. ಜೂನ್‌ನಲ್ಲಿ ಬಾಗಿನ ಬಿಟ್ಟಿದ್ದು ಅದೇ ಮೊದಲು. ಮೂರು ವರ್ಷ, ಮೂರು ಥರ. ಇದನ್ನು ನಂಬಿ ಭತ್ತದ ಸಸಿಗೆ ಒಟ್ಲು ಯಾವಾಗ ಬಿಡಬೇಕು, ಹೇಳಿ.

ಇನ್ನು ರಾಗಿ. ಇಂಡಾಫ್ ರಾಗಿ ತಳಿಗಳನ್ನು ವಿಜ್ಞಾನಿ ಲಕ್ಷ್ಮಣಯ್ಯನವರು ಬೆಳೆಸಿದ್ದು ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ. ರಾಗಿ ನಮಗೆ ಹೊಸದಲ್ಲ. ನನಗೆ ಮಳವಳ್ಳಿ ತಾಲ್ಲೂಕಿನಲ್ಲಿ ಒಂದು ಎಕರೆ ಹೊಲ, ಎರಡು ಎಕರೆ ಗದ್ದೆ. ಹೊಲದಲ್ಲಿ ನಮ್ಮಪ್ಪನ ಕಾಲದಿಂದ ರಾಗಿಯೇ. ಗದ್ದೆಗೂ ಒಂದು ವರ್ಷ ಹಾಕಿ ನೋಡಿದೆ. ನನ್ನ ಮೇಲಿನ ಗದ್ದೆಗಳಲ್ಲೆಲ್ಲ ಭತ್ತ. ಅಲ್ಲಿಂದ ಬಸಿದ ನೀರು ನನ್ನ ಪಾತಿಯಲ್ಲಿ ನಿಂತಿತು. ಪೈರು ಹಳದಿಯಾಯಿತು. ಕಿತ್ತು ನೋಡಿದರೆ ಬೇರು ಕಪ್ಪಗಾಗಿ ಕೈಗೇ ಅಂಟುತ್ತಿತ್ತು. 2025-26ಕ್ಕೆ ರಾಗಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಭತ್ತಕ್ಕೆ 2,369. ರೇಟು ರಾಗಿಗೇ ಜಾಸ್ತಿ, ಒಪ್ಪುತ್ತೇನೆ. ಆದರೆ ಕೊಳೆತ ಬೇರಿಗೆ ಯಾವ ರೇಟು? ಗದ್ದೆ ಬಯಲಲ್ಲಿ ಒಬ್ಬನೇ ಬದಲಾಗೋಕೆ ಆಗಲ್ಲ. ಬದಲಾದರೆ ಇಡೀ ಬಯಲೇ ಬದಲಾಗಬೇಕು.

ಭತ್ತದಲ್ಲೇ ನೀರು ಉಳಿಸುವ ದಾರಿಯೂ ಇದೆ. ಗದ್ದೆಯಲ್ಲಿ ಯಾವಾಗಲೂ ನೀರು ನಿಂತರೆ ಮಣ್ಣಿಗೆ ಗಾಳಿಯಾಡಲ್ಲ, ಅಲ್ಲಿ ಮೀಥೇನ್ ಅನ್ನುವ ಅನಿಲ ಹುಟ್ಟುತ್ತದೆ. ಭೂಮಿ ಬಿಸಿಯಾಗೋಕೆ ಅದೂ ಒಂದು ಕಾರಣ. ತೂತು ಕೊರೆದ ಪೈಪ್ ಹೂತು ಅದರೊಳಗೆ ನೀರಿನ ಮಟ್ಟ ನೋಡುತ್ತಾ, ಅದು ಮಣ್ಣಿನ ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ಹಾಯಿಸಿದರೆ ಸಾಕು. ಇಳುವರಿ ಕಡಿಮೆಯಾಗಲ್ಲ, ಮೀಥೇನ್ ಕಮ್ಮಿಯಾಗುತ್ತದೆ. ಆದರೆ ಇದಕ್ಕೆ ಬೇಕಾದಾಗ ನೀರು ಸಿಗಬೇಕು. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕಟ್ಟು ನೀರು, ಅಂದರೆ ಸರದಿಯ ನೀರು ಬಿಟ್ಟರೂ ನಮ್ಮವರೆಗೆ ಬರುವುದು ಯಾವತ್ತೋ. ಬಂದ ದಿನ ತುಂಬಿಸಿಕೊಳ್ಳದೆ ಒಣಗಿಸಿ ಕೂತರೆ ಮಕ್ಕಳ ಫೀಸ್ ಒಣಗುತ್ತದೆ.

ಇದೇ ತಾಲ್ಲೂಕಿನ ಟಿ.ಕೆ. ಹಳ್ಳಿಯಿಂದಲೇ ಬೆಂಗಳೂರಿಗೆ ಕಾವೇರಿ ನೀರು ಪಂಪ್ ಆಗುವುದು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯಿತು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಕೊಡುವ ಯೋಜನೆ ಅದು. ಕುಡಿಯಲಿ. ಕುಡಿಯುವ ನೀರಿಗೆ ನಾವು ಅಡ್ಡ ಬರುವವರಲ್ಲ. ಅದೇ ನೀರು ಕುಡಿಯುವ ತಮ್ಮ, ಅದೇ ನೀರಿಗೆ ಕಾಯುವ ಅಣ್ಣನನ್ನು ನಾಲ್ಕು ಜನರ ಮುಂದೆ ಹಾಗೆ ಕೇಳಿದ್ದು ನನಗೆ ನೋವಾಯಿತು, ಅಷ್ಟೇ.

‘ಅಣ್ಣ, ನೀನೇನು ಬದಲಾಯಿಸಿದೆ?’ ಅಂತ ಕೇಳಿದ್ದರೆ ಅವನನ್ನು ಊಟ ಮುಗಿದ ಮೇಲೆ ಸೀದಾ ಗದ್ದೆಗೆ ಕರೆದುಕೊಂಡು ಹೋಗುತ್ತಿದ್ದೆ. ನಾನು ತರಗು ಸುಡುವುದು ಬಿಟ್ಟು ನಾಲ್ಕು ವರ್ಷವಾಯಿತು. ಕಬ್ಬು ಕಡಿದ ಮೇಲೆ ಮಂಡಿವರೆಗೆ ಒಣಗರಿ ಬಿದ್ದಿರುತ್ತದೆ. ಒಂದು ಬೆಂಕಿಕಡ್ಡಿ ಗೀಚಿದರೆ ಅರ್ಧ ಗಂಟೆಯಲ್ಲಿ ಗದ್ದೆ ಕ್ಲೀನ್. ಹೊಗೆ ಊರೆಲ್ಲ ಹಬ್ಬುತ್ತದೆ, ಮಣ್ಣಿನ ಮೇಲ್ಪದರದ ಜೀವವೂ ಸುಡುತ್ತದೆ. ಈಗ ನಾನು ಮತ್ತು ಹೆಂಡತಿ ಆ ಗರಿಯನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹಾಕುತ್ತೇವೆ. ಗರಿಯ ಅಂಚು ಗರಗಸದ ಥರ, ಮೊಣಕೈವರೆಗೆ ಗೀರುತ್ತದೆ. ಅವಳು ಹಳೇ ಫುಲ್ ಶರ್ಟ್ ಹಾಕಿಕೊಂಡೇ ಇಳಿಯುವುದು. ಮೇಲೆ ಸಗಣಿ ಬಗ್ಗಡ ಚೆಲ್ಲಿ ನೀರು ಹಾಯಿಸಿದರೆ ಕಡಿದ ಬುಡದಿಂದ ಚಿಗುರುವ ಕೂಳೆ ಕಬ್ಬು ಎದೆಮಟ್ಟ ಬರುವಷ್ಟರಲ್ಲಿ ಗರಿ ಕರಗಿರುತ್ತದೆ. 2023ರಲ್ಲಿ ನಾಲೆ ನಿಂತಾಗ ಗರಿ ಹೊದ್ದ ಸಾಲಿನ ಮಣ್ಣು ಕೈಗೆ ತಣ್ಣಗಿತ್ತು.

ಈ ಸಲ ಪಕ್ಕದ ಗದ್ದೆಯ ಮಾವ ಬದು ದಾಟಿ ಬಂದರು. ಇಷ್ಟು ವರ್ಷ ದೂರದಿಂದ ನೋಡಿ ಹೋಗುತ್ತಿದ್ದವರು. ಕಾಲಲ್ಲಿ ಗರಿ ಸರಿಸಿದರು. ಕೆಳಗೆ ಎರೆಹುಳ ಮಿಜಿಮಿಜಿ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದರು. ಆಮೇಲೆ, ‘ಮೊದಲ್ನೇ ವರ್ಷ ಎಷ್ಟು ಕೈಯಿಂದ ಹೋಯ್ತಪ್ಪ?’ ಅಂದರು.

ಆಳು ಕೂಲಿ ಸೇರಿ ಎಕರೆಗೆ ನಾಲ್ಕು ಸಾವಿರ ಜಾಸ್ತಿ ಬಿತ್ತು, ಯಾರೂ ಕೊಡಲಿಲ್ಲ, ಎರಡನೇ ವರ್ಷದಿಂದ ಗೊಬ್ಬರದಲ್ಲಿ ವಾಪಸ್ ಬಂತು ಅಂತ ಹೇಳಿದೆ. ಮುಂದಿನ ಕಟಾವಿಗೆ ಅವರದು ಒಂದು ಎಕರೆ ಸುಡದೆ ಬಿಡ್ತಾರಂತೆ. ಗರಿ ಎಳೆಯೋಕೆ ನಾವಿಬ್ಬರೂ ಹೋಗುತ್ತೇವೆ.